ಗೂಡಿನಲ್ಲಿ ಕಂಡ ನಾಯಿ ಬೇರೆ, ಮನೆಯಲ್ಲಿ ಬಾಳುವ ನಾಯಿ ಬೇರೆ

ಪ್ರಾಣಿಗಳ ಆಶ್ರಯತಾಣದೊಳಗೆ ಕಾಲಿಡುತ್ತಿದ್ದಂತೆ ಕಿವಿಗೆ ಬಡಿಯುವುದು ಬೊಗಳುವ ಸದ್ದು. ಒಂದು ನಾಯಿ ಶುರು ಮಾಡಿದರೆ ಸಾಲಿನ ಅಷ್ಟೂ ಗೂಡುಗಳಿಂದ ದನಿ ಏಳುತ್ತದೆ. ಒಂದು ನಾಯಿ ಜಾಲರಿಗೆ ಮುಂಗಾಲು ಕೊಟ್ಟು ಎಗರೆಗರಿ ಬೊಗಳುತ್ತದೆ. ಪಕ್ಕದ್ದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತದೆ, ಕರೆದರೂ ತಿರುಗುವುದಿಲ್ಲ. ಮೂರನೆಯದು ಸುಮ್ಮನೆ ಕೂತು ನಿಮ್ಮನ್ನೇ ನೋಡುತ್ತಿರುತ್ತದೆ. ನೋಡಲು ಹೋದವರ ಮನಸ್ಸು ಈ ಮೂರನೆಯದರ ಕಡೆಗೆ ವಾಲುವುದು ಸಹಜ. ಮೊದಲನೆಯದು ಜಗಳಗಂಟ, ಎರಡನೆಯದಕ್ಕೆ ಏನೋ ಕಾಯಿಲೆ ಇರಬೇಕು ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ.

ಈ ಲೆಕ್ಕವೆಲ್ಲ ತಲೆಕೆಳಗಾಗಬಹುದು. ಮನೆಗೆ ಬಂದು ಮೂರು ತಿಂಗಳಾದ ಮೇಲೆ ಆ ಎಗರಾಡುತ್ತಿದ್ದ ನಾಯಿ ದಿನದ ಅರ್ಧ ಹೊತ್ತು ನಿಮ್ಮ ಕಾಲ ಬಳಿ ಮಲಗಿ ಕಳೆಯಬಹುದು. ಗೋಡೆ ನೋಡುತ್ತಿದ್ದದ್ದು ಮನೆಯವರನ್ನು ಬಿಟ್ಟು ಕದಲದೆ ಇರಬಹುದು. ಸುಮ್ಮನೆ ಕೂತಿದ್ದದ್ದು ಹೆದರಿಕೆಯಿಂದ ಮರಗಟ್ಟಿ ಕೂತಿದ್ದಿರಬಹುದು, ಧೈರ್ಯ ಬಂದ ಮೇಲೆ ಮನೆಯನ್ನೆಲ್ಲ ಎಳೆದು ಹಾಕಬಹುದು. ಆಶ್ರಯತಾಣದಿಂದ ಪ್ರಾಣಿಯನ್ನು ದತ್ತು ಪಡೆಯುವವರಿಗೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಗೂಡಿನಲ್ಲಿ ಕಾಣುವುದರಲ್ಲಿ ಅದರ ಹೆದರಿಕೆಯ ಪಾಲು ಜಾಸ್ತಿ. ಸ್ವಭಾವ ಹೊರಗೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಹಾಗಾಗಿ ಆರಿಸುವಾಗಲೂ, ಮನೆಗೆ ತಂದ ಮೇಲೂ ಅವಸರ ಮಾಡಬಾರದು.

ಆ ಗದ್ದಲದಲ್ಲಿ ಏನಾಗುತ್ತಿರುತ್ತದೆ

ನಾಯಿಗಳ ಗೂಡುಸಾಲಿನಲ್ಲಿ ಸದ್ದು 100 ಡೆಸಿಬಲ್ ದಾಟುವುದು ಅಪರೂಪವಲ್ಲ. ನಮ್ಮ ಕಿವಿಗೇ ಅದು ಜಾಸ್ತಿ. ನಾಯಿಯ ಕಿವಿಯಂತೂ ನಮ್ಮದಕ್ಕಿಂತ ಎಷ್ಟೋ ಚುರುಕು. ಬೆಳೆದ ನಾಯಿ ದಿನದಲ್ಲಿ ಸುಮಾರು ಅರ್ಧ ಹೊತ್ತು ನಿದ್ದೆ, ತೂಕಡಿಕೆಯಲ್ಲಿ ಕಳೆಯುವ ಪ್ರಾಣಿ. ಈ ಸದ್ದಿನ ನಡುವೆ ಹಗಲಿನಲ್ಲಿ ಅದಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಗೊತ್ತಿರುವ ಮುಖ ಇಲ್ಲ, ಗೊತ್ತಿರುವ ವಾಸನೆ ಇಲ್ಲ. ಊಟ ಯಾವಾಗ, ಹೊರಗೆ ಬಿಡುವುದು ಯಾವಾಗ ಎಂಬುದೂ ತಿಳಿಯದು.

ಒತ್ತಡಕ್ಕೆ ಸಿಕ್ಕ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರುತ್ತದೆ. ಆಶ್ರಯತಾಣಕ್ಕೆ ಬಂದ ಮೊದಲ ಕೆಲವು ದಿನ ನಾಯಿಗಳಲ್ಲಿ ಇದು ತುಂಬ ಮೇಲಿರುತ್ತದೆ ಎಂದು ಅಳೆದು ನೋಡಿದ ಸಂಶೋಧಕರು ಹೇಳಿದ್ದಾರೆ. ಅಂಥ ನಾಯಿಗಳನ್ನು ಒಂದೆರಡು ರಾತ್ರಿ ಯಾರದಾದರೂ ಮನೆಗೆ ಕಳಿಸಿ ನೋಡಿದ್ದೂ ಉಂಟು. ಮನೆಯಲ್ಲಿದ್ದಾಗ ಕಾರ್ಟಿಸಾಲ್ ಇಳಿದಿತ್ತು, ಗೂಡಿಗೆ ವಾಪಸ್ ಬಂದಾಗ ಮತ್ತೆ ಹಿಂದಿನ ಮಟ್ಟಕ್ಕೆ ಏರಿತ್ತು. ಅದೇ ನಾಯಿ, ಜಾಗ ಮಾತ್ರ ಬೇರೆ.

ಊಟದ ಬಟ್ಟಲಿನ ಹತ್ತಿರ ಹೋದರೆ ಗುರ್ ಎನ್ನುವ ನಾಯಿಯ ವಿಷಯವನ್ನೇ ತೆಗೆದುಕೊಳ್ಳಿ. ಆಶ್ರಯತಾಣದಲ್ಲಿ ಹೀಗೆ ಮಾಡಿದ ಎಷ್ಟೋ ನಾಯಿಗಳು ಮನೆಗೆ ಹೋದ ಮೇಲೆ ಅದನ್ನು ಬಿಟ್ಟುಬಿಡುತ್ತವೆ. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆ, ಕಿತ್ತುಕೊಳ್ಳುವವರು ಯಾರೂ ಇಲ್ಲ ಎಂದು ಖಾತ್ರಿಯಾದರೆ ಕಾವಲು ಕಾಯುವ ಅಗತ್ಯ ಕಡಿಮೆಯಾಗುತ್ತದೆ. ಇದು ಉಲ್ಟಾ ಆಗುವುದೂ ಇದೆ. ಆಶ್ರಯತಾಣದಲ್ಲಿ ಯಾವ ತಕರಾರೂ ಇಲ್ಲದಿದ್ದ ನಾಯಿ, ಮನೆಯಲ್ಲಿ ಒಬ್ಬಂಟಿಯಾಗಿ ಬಿಟ್ಟಾಗ ಬಾಗಿಲು ಪರಚಿ ಕೂಗಾಡಬಹುದು. ಗೂಡಿನಲ್ಲಿ ಅದು ಒಂಟಿಯಾಗಿ ಇದ್ದದ್ದೇ ಇಲ್ಲ, ಹಾಗಾಗಿ ಈ ತೊಂದರೆ ಅಲ್ಲಿ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಹತ್ತು ನಿಮಿಷದ ಪರೀಕ್ಷೆ ಮಾಡಿ 'ಇದು ಒಳ್ಳೆಯದು, ಇದು ಕೆಟ್ಟದ್ದು' ಎಂದು ಮುದ್ರೆ ಒತ್ತುವುದನ್ನು ನಂಬಬೇಡಿ ಅನ್ನುವುದು ಇದಕ್ಕೇ.

ಹಾಗಾದರೆ ಯಾರನ್ನು ನಂಬುವುದು? ದಿನಾ ಬೆಳಗ್ಗೆ ಗೂಡು ತೊಳೆದು, ಬಟ್ಟಲು ತುಂಬಿಸುವವರನ್ನು. ಕಚೇರಿಯಲ್ಲಿ ಕೂತವರಿಗೆ ಪ್ರಾಣಿಯ ದಾಖಲೆ ಗೊತ್ತಿರುತ್ತದೆ. ಗೂಡು ತೊಳೆಯುವವರಿಗೆ ಪ್ರಾಣಿಯೇ ಗೊತ್ತಿರುತ್ತದೆ. ಗದ್ದಲ ಇಳಿದ ಸಂಜೆಯ ಹೊತ್ತಿನಲ್ಲಿ ಇದು ಹೇಗಿರುತ್ತದೆ? ಮೈ ಮುಟ್ಟಿದರೆ, ಕಾಲು ಹಿಡಿದರೆ ಏನು ಮಾಡುತ್ತದೆ? ಬೇರೆ ನಾಯಿಗಳ ಜೊತೆ ಬಿಟ್ಟು ನೋಡಿದ್ದೀರಾ? ಹೊಸಬರನ್ನು ಕಂಡರೆ ಹಿಂದೆ ಸರಿಯುತ್ತದೋ, ಮುಂದೆ ಬರುತ್ತದೋ? ಇಲ್ಲಿಗೆ ಬೀದಿಯಿಂದ ಬಂತೋ, ಯಾರಾದರೂ ತಂದು ಬಿಟ್ಟರೋ? ಬಿಟ್ಟವರು ಏನು ಕಾರಣ ಹೇಳಿದರು? ಇಷ್ಟನ್ನು ಸಮಾಧಾನವಾಗಿ ಕೇಳಿ. 'ಇದಕ್ಕೆ ಮಳೆ ಗುಡುಗು ಅಂದರೆ ಭಯ, ಟೋಪಿ ಹಾಕಿದವರನ್ನು ಕಂಡರೆ ಆಗುವುದಿಲ್ಲ' ಎಂಬಂಥ ಸಣ್ಣ ಉತ್ತರಗಳೇ ಮುಂದೆ ನಿಮಗೆ ಕೆಲಸಕ್ಕೆ ಬರುವುದು.

ನಾಯಿಯನ್ನು ಗೂಡಿನಿಂದ ಹೊರಗೆ ತಂದು, ಸದ್ದಿಲ್ಲದ ಕಡೆ ಭೇಟಿ ಮಾಡಿಸಿ ಎಂದು ಕೇಳಿಕೊಳ್ಳಿ. ಹೊರಗೆ ಬಂದ ನಾಯಿ ಮೊದಲ ಐದು ನಿಮಿಷ ನಿಮ್ಮ ಕಡೆ ತಿರುಗಿಯೂ ನೋಡದಿರಬಹುದು. ಮೂಗು ನೆಲಕ್ಕೆ ಹಚ್ಚಿ ಹುಲ್ಲು, ಕಂಬ, ಗೋಡೆಯ ಬುಡವನ್ನೆಲ್ಲ ಮೂಸುತ್ತದೆ, ಒಂದೆರಡು ಕಡೆ ಉಚ್ಚೆ ಹೊಯ್ಯುತ್ತದೆ. ಬೇಜಾರಾಗಬೇಡಿ. ಅದು ತನ್ನ ಮನಸ್ಸನ್ನು ಹದಕ್ಕೆ ತಂದುಕೊಳ್ಳುವುದೇ ಹಾಗೆ. ನೀವು ಎದುರು ನಿಂತು ಕೈ ಚಾಚದೆ, ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ. ಅದರ ಕಣ್ಣನ್ನೇ ದಿಟ್ಟಿಸಬೇಡಿ. ಬಂದು ನಿಮ್ಮ ಬೂಟು ಮೂಸಿ, ಮೊಣಕಾಲು ಮೂಸಿ, ಮತ್ತೆ ದೂರ ಹೋಗುತ್ತದೆ. ಎರಡನೇ ಸಲ ತಾನೇ ಬಂದರೆ ತಲೆಯ ಮೇಲೆ ಕೈ ಇಡುವ ಬದಲು ಎದೆಯ ಪಕ್ಕ ಎರಡು ಸಲ ಸವರಿ, ಕೈ ಹಿಂದೆ ತೆಗೆದುಕೊಳ್ಳಿ. ಇನ್ನೂ ಬೇಕೆಂದು ಒತ್ತಿ ನಿಂತರೆ ಅದಕ್ಕೆ ಇಷ್ಟವಾಗಿದೆ. ನಾಲಿಗೆಯಿಂದ ತುಟಿ ನೆಕ್ಕಿಕೊಂಡರೆ, ನಿದ್ದೆ ಬರದಿದ್ದರೂ ಆಕಳಿಸಿದರೆ, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರಿದರೆ 'ಸದ್ಯಕ್ಕೆ ಸಾಕು' ಎಂದರ್ಥ. ಬಾಲ ಅಲ್ಲಾಡಿಸಿತು ಎಂದ ಮಾತ್ರಕ್ಕೆ ಖುಷಿಯಾಗಿದೆ ಎಂದುಕೊಳ್ಳಬೇಡಿ. ಮೈಯೆಲ್ಲ ಬಳುಕಿ ಬಾಲ ಆಡಿದರೆ ಖುಷಿ. ಮೈ ಬಿಗಿಯಾಗಿದ್ದು ಮೇಲೆತ್ತಿದ ಬಾಲದ ತುದಿ ಮಾತ್ರ ಆಡುತ್ತಿದ್ದರೆ ಅದು ಎಚ್ಚರಿಕೆ.

ಸಾಧ್ಯವಾದರೆ ಬೇರೆ ಬೇರೆ ದಿನ ಎರಡು ಸಲ ಹೋಗಿ. ಮನೆಯವರೆಲ್ಲ ಒಟ್ಟಿಗೆ ಹೋಗಿ. ಈಗಾಗಲೇ ಒಂದು ನಾಯಿ ಸಾಕುತ್ತಿದ್ದರೆ, ಎರಡನ್ನೂ ಹೊರಗೆ ಬಯಲಲ್ಲಿ, ಅಕ್ಕಪಕ್ಕ ದೂರ ಬಿಟ್ಟು ನಡೆಸುತ್ತ ಪರಿಚಯ ಮಾಡಿಸಿ.

ನಿಮ್ಮ ತೀರಾ ಸಾದಾ ದಿನ ಹೇಗಿರುತ್ತದೆ?

ಪ್ರಾಣಿ ಬೇಕು ಎಂದು ಮನಸ್ಸಾಗುವುದು ರಜೆಯ ದಿನ. ಬಿಡುವಿರುತ್ತದೆ, ಮಕ್ಕಳು ಮನೆಯಲ್ಲಿರುತ್ತಾರೆ, ಸಂಜೆ ಎಲ್ಲರೂ ಒಟ್ಟಿಗೆ ನಡೆದಾಡಲು ಹೋಗುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಆದರೆ ಪ್ರಾಣಿ ಬಾಳಬೇಕಾದ್ದು ನಿಮ್ಮ ಸಾದಾ ಕೆಲಸದ ದಿನಗಳಲ್ಲಿ. ಮಳೆ ಬರುತ್ತಿರುವ ಬೆಳಗ್ಗೆ, ನಿಮಗೆ ತಲೆನೋವು ಇರುವಾಗ, ಅದನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು? ಮನೆ ಎಷ್ಟು ಗಂಟೆ ಬೀಗ ಹಾಕಿರುತ್ತದೆ? ಊರಿಗೆ ಹೋದಾಗ ಯಾರ ಹತ್ತಿರ ಬಿಡುತ್ತೀರಿ? ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರಾ, ಬರಹದಲ್ಲಿ ಒಪ್ಪಿದ್ದಾರಾ? ಇವುಗಳಿಗೆಲ್ಲ ಉತ್ತರ ಮನೆಯ ಪ್ರತಿಯೊಬ್ಬರ ಬಾಯಲ್ಲೂ ಒಂದೇ ಬರಬೇಕು. ಒಬ್ಬರಿಗೆ ಮಾತ್ರ ಆಸೆ, ಉಳಿದವರು ಸುಮ್ನೆ ಹೂಂ ಅಂದಿದ್ದಾರೆ ಅಂದರೆ ಇನ್ನೂ ಸ್ವಲ್ಪ ದಿನ ಕಾಯಿರಿ. ಇದೇ ಕಾರಣಕ್ಕೆ ಪ್ರಾಣಿಯನ್ನು ಯಾರಿಗೂ ಹೇಳದೆ ಉಡುಗೊರೆಯಾಗಿ ಕೊಡುವುದು ತಪ್ಪು ಎಂದೇ ನನ್ನ ಗಟ್ಟಿ ಅಭಿಪ್ರಾಯ.

ವರ್ಷಗಳ ಲೆಕ್ಕವನ್ನೂ ಹಾಕಿ. ನಾಯಿ ಸಾಮಾನ್ಯವಾಗಿ 10ರಿಂದ 13 ವರ್ಷ ಬದುಕುತ್ತದೆ. ದೊಡ್ಡ ಗಾತ್ರದ ತಳಿಗಳ ಆಯಸ್ಸು ಕಡಿಮೆ, ಸಣ್ಣವು ಇನ್ನೂ ಜಾಸ್ತಿ ಬಾಳುತ್ತವೆ. ಮನೆಯೊಳಗೇ ಇರುವ ಬೆಕ್ಕು 15 ವರ್ಷ ದಾಟುವುದು ಮಾಮೂಲು. ಮೊಲ 8 ವರ್ಷಕ್ಕೂ ಮೇಲೆ ಬದುಕಬಲ್ಲದು. ಅಂಗೈಯಲ್ಲಿ ಕೂರುವ ಆಮೆಮರಿ 30 ವರ್ಷ, ದೊಡ್ಡ ಗಿಳಿ 50 ವರ್ಷ ಬಾಳಿದ್ದೂ ಇದೆ. ಇವತ್ತು ಮರಿಗಾಗಿ ಹಟ ಹಿಡಿದ 8 ವರ್ಷದ ಮಗು ಆ ನಾಯಿಗೆ ವಯಸ್ಸಾಗುವ ಹೊತ್ತಿಗೆ ಓದಲೆಂದು ಮನೆ ಬಿಟ್ಟಿರುತ್ತದೆ. ನೋಡಿಕೊಳ್ಳುವವರು ದೊಡ್ಡವರೇ, ಅಲ್ವಾ?

ಖರ್ಚಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ದತ್ತು ಪಡೆಯುವಾಗ ಕೊಡುವ ಹಣ ಇಡೀ ಲೆಕ್ಕದಲ್ಲಿ ತೀರಾ ಸಣ್ಣ ಭಾಗ. ಊಟ, ಲಸಿಕೆ, ಜಂತು ಔಷಧಿ, ಉಣ್ಣಿ ಚಿಗಟಗಳ ಔಷಧಿ ಪ್ರತಿ ವರ್ಷವೂ ಇರುತ್ತದೆ. ಒಂದು ತುರ್ತು ಚಿಕಿತ್ಸೆ ಇವೆಲ್ಲವನ್ನೂ ಮೀರಿಸಬಹುದು. ಅದಕ್ಕೆಂದು ತಿಂಗಳಿಗಿಷ್ಟು ಎತ್ತಿಡುವುದು ಒಳ್ಳೆಯದು.

ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ. 'ಕೂದಲು ಉದುರದ ತಳಿ ತಂದರೆ ಅಲರ್ಜಿ ಆಗುವುದಿಲ್ಲ' ಎಂಬ ಮಾತು ಪೂರ್ತಿ ನಿಜವಲ್ಲ. ಅಲರ್ಜಿ ತರುವ ಪ್ರೋಟೀನ್ ಇರುವುದು ಪ್ರಾಣಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ. ಕೂದಲು ಅದನ್ನು ಮನೆ ತುಂಬ ಹರಡುತ್ತದೆ, ಅಷ್ಟೇ. ಆಶ್ರಯತಾಣಕ್ಕೆ ಹೋಗಿ ಒಂದೆರಡು ಗಂಟೆ ಪ್ರಾಣಿಗಳ ಜೊತೆ ಕಳೆದು ನೋಡಿದರೆ ಅಂದಾಜು ಸಿಗುತ್ತದೆ.

ಮರಿಯೇ ಬೇಕಾ?

ಮರಿ ಮುದ್ದು, ನಿಜ. ಆದರೆ ಮೊದಲ ಸಲ ನಾಯಿ ಸಾಕುವವರಿಗೆ, ಹಗಲು ಮನೆಯಲ್ಲಿ ಜನ ಕಡಿಮೆ ಇರುವವರಿಗೆ, ಬೆಳೆದ ನಾಯಿಯೇ ವಾಸಿ ಎಂದು ನಾನು ಹೇಳುತ್ತೇನೆ.

ಎರಡು ತಿಂಗಳ ಮರಿ ಉಚ್ಚೆ ತಡೆದುಕೊಳ್ಳುವುದು ಎರಡು ಮೂರು ಗಂಟೆ. ರಾತ್ರಿಯೂ ಎದ್ದು ಹೊರಗೆ ಬಿಡಬೇಕು. ಹಲ್ಲು ಬರುವಾಗ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಮರಿಯ ಮನಸ್ಸು ಲೋಕಕ್ಕೆ ತೆರೆದುಕೊಳ್ಳುವ ಕಾಲ ತುಂಬ ಚಿಕ್ಕದು. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ಅಮೆರಿಕದ ಸಂಶೋಧಕರು ಕಳೆದ ಶತಮಾನದ ಮಧ್ಯಭಾಗದಲ್ಲಿ ನಾಯಿಮರಿಗಳನ್ನು ವರ್ಷಗಟ್ಟಲೆ ಗಮನಿಸಿ ಇದನ್ನು ತೋರಿಸಿದರು. ಸುಮಾರು 3ನೇ ವಾರದಿಂದ 12-14ನೇ ವಾರದವರೆಗೆ ಮರಿ ಕಂಡದ್ದು, ಮುಟ್ಟಿದ್ದು, ಕೇಳಿದ್ದು ಅದಕ್ಕೆ 'ಇದೆಲ್ಲ ಮಾಮೂಲು' ಎಂದಾಗುತ್ತದೆ. ಆಗ ಮನುಷ್ಯರನ್ನು ಕಾಣದೆ ಬೆಳೆದ ಮರಿಗೆ ಮನುಷ್ಯರ ಭಯ ಹೋಗಿಸುವುದು ಆಮೇಲೆ ತುಂಬ ಕಷ್ಟ. ಬೆಕ್ಕಿನ ಮರಿಗಂತೂ ಈ ಕಾಲ ಇನ್ನೂ ಬೇಗ, ಸುಮಾರು 2ನೇ ವಾರದಿಂದ 7ನೇ ವಾರಕ್ಕೇ ಮುಗಿಯುತ್ತ ಬರುತ್ತದೆ. ಹಾಗಾಗಿ ಮರಿ ತಂದವರಿಗೆ ಆ ವಾರಗಳಲ್ಲಿ ಅದರ ಜೊತೆ ಇರಲು, ಬೇರೆ ಬೇರೆ ಜನ, ಸದ್ದು, ಜಾಗಗಳನ್ನು ಹೆದರಿಸದೆ ಪರಿಚಯಿಸಲು ಸಮಯ ಬೇಕೇ ಬೇಕು. ಅದೇ ಕಾಲದಲ್ಲಿ ತಾಯಿ ಮತ್ತು ಒಡಹುಟ್ಟಿದ ಮರಿಗಳಿಂದಲೂ ಅದು ಕಲಿಯುವುದಿದೆ. ಮೆಲ್ಲಗೆ ಕಚ್ಚುವುದು ಹೇಗೆ ಎಂಬುದನ್ನು ಕಲಿಯುವುದೇ ಆಗ. 8 ವಾರಕ್ಕಿಂತ ಮೊದಲೇ ಮರಿ ಕೊಡಲು ಒಪ್ಪುವವರಿಂದ ದೂರ ಇರಿ.

ಬೆಳೆದ ನಾಯಿಯಲ್ಲಾದರೆ ಗಾತ್ರ ಗೊತ್ತು, ಚುರುಕುತನ ಎಷ್ಟೆಂದು ಗೊತ್ತು. 'ದೊಡ್ಡದಾದ ಮೇಲೆ ಕಲಿಯುವುದಿಲ್ಲ' ಎಂಬುದು ಬರೀ ಮಾತು. ನಾಯಿ ಯಾವ ವಯಸ್ಸಿನಲ್ಲೂ ಕಲಿಯುತ್ತದೆ. ಎಂಟು ಹತ್ತು ವರ್ಷದ, ಮುಖ ಬೆಳ್ಳಗಾದ ನಾಯಿಗಳನ್ನು ಕೇಳುವವರು ಕಡಿಮೆ. ಅವಕ್ಕೆ ಬೇಕಾದ್ದು ಎರಡು ಹೊತ್ತು ನಿಧಾನದ ನಡಿಗೆ, ಮೆತ್ತನೆ ಹಾಸಿಗೆ, ಆಗಾಗ ವೈದ್ಯರ ಭೇಟಿ. ಗಲಾಟೆ ಇಲ್ಲದ ಮನೆಯವರಿಗೆ ಇದಕ್ಕಿಂತ ಹೊಂದುವ ಜೊತೆ ಸಿಗುವುದು ಕಷ್ಟ.

ಮೂರು ದಿನ, ಮೂರು ವಾರ, ಮೂರು ತಿಂಗಳು

ಆಶ್ರಯತಾಣದವರ ಬಾಯಲ್ಲಿ ಈ ಮೂರರ ಲೆಕ್ಕ ಆಗಾಗ ಕೇಳಿಬರುತ್ತದೆ. ಇದು ವಿಜ್ಞಾನದ ನಿಯಮವಲ್ಲ, ಅನುಭವದ ಅಂದಾಜು. ಮೊದಲ ಮೂರು ದಿನ ಪ್ರಾಣಿ ಗಾಬರಿಯಲ್ಲಿರುತ್ತದೆ. ಊಟ ಬಿಡಬಹುದು, ಒಂದೇ ಸಮನೆ ಮಲಗಬಹುದು, ಮೂಲೆ ಬಿಟ್ಟು ಕದಲದಿರಬಹುದು. ಮೂರು ವಾರಕ್ಕೆ ಮನೆಯ ವೇಳಾಪಟ್ಟಿ ಅರ್ಥವಾಗುತ್ತದೆ. ಮೂರು ತಿಂಗಳಿಗೆ ಇದು ನನ್ನ ಮನೆ ಎನಿಸುತ್ತದೆ. ತುಂಬ ಜನ ಎಡವುವುದು ನಡುವಿನ ಹಂತದಲ್ಲಿ. ಎರಡು ವಾರ ಪಾಪದ ಹಾಗಿದ್ದ ನಾಯಿ ಮೂರನೇ ವಾರ ಬೊಗಳಲು, ಕದ್ದು ತಿನ್ನಲು, ಲೀಶ್ (ಹಿಡಿದು ನಡೆಸುವ ಹಗ್ಗ) ಎಳೆಯಲು ಶುರು ಮಾಡುತ್ತದೆ. 'ಕೆಟ್ಟುಹೋಯಿತು' ಎಂದು ಮನೆಯವರು ಗಾಬರಿಯಾಗುತ್ತಾರೆ. ಆದದ್ದು ಏನೆಂದರೆ ಅದಕ್ಕೆ ಧೈರ್ಯ ಬಂದಿದೆ. ತಾನು ಏನೆಂದು ಈಗ ತೋರಿಸುತ್ತಿದೆ. ಕಲಿಸುವ ಕೆಲಸ ಚೆನ್ನಾಗಿ ಕೈಗೂಡುವುದೂ ಇಲ್ಲಿಂದಲೇ.

ಮೊದಲ ದಿನ ನೆಂಟರನ್ನು, ಅಕ್ಕಪಕ್ಕದವರನ್ನು ಕರೆಯಬೇಡಿ. ಸ್ನಾನ ಮಾಡಿಸಬೇಡಿ. ಇಡೀ ಮನೆ ತೋರಿಸುವ ಬದಲು ಒಂದು ಮೂಲೆ, ಒಂದು ಹಾಸಿಗೆ, ನೀರು ಸಿದ್ಧವಿರಲಿ. ಆಶ್ರಯತಾಣದಲ್ಲಿ ಕೊಡುತ್ತಿದ್ದ ಊಟವನ್ನೇ ಸ್ವಲ್ಪ ಕೇಳಿ ತಂದು, ಏಳರಿಂದ ಹತ್ತು ದಿನದಲ್ಲಿ ಹಂತಹಂತವಾಗಿ ಹೊಸದಕ್ಕೆ ಬದಲಾಯಿಸಿ. ಒಮ್ಮೆಲೇ ಬದಲಾಯಿಸಿದರೆ ಹೊಟ್ಟೆ ಕೆಡುತ್ತದೆ.

ಒಂದು ಅಪಾಯದ ಬಗ್ಗೆ ಒತ್ತಿ ಹೇಳಬೇಕು. ಹೊಸದಾಗಿ ಬಂದ ನಾಯಿ ತಪ್ಪಿಸಿಕೊಂಡು ಓಡಿಹೋಗುವ ಸಾಧ್ಯತೆ ಮೊದಲ ದಿನಗಳಲ್ಲೇ ಜಾಸ್ತಿ. ಅದಕ್ಕೆ ನಿಮ್ಮ ಮನೆ ಎಲ್ಲಿದೆ ಗೊತ್ತಿಲ್ಲ, ನೀವು ಕರೆದರೆ ಬರಬೇಕೆಂದೂ ಗೊತ್ತಿಲ್ಲ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕೊರಳಪಟ್ಟಿ ತಲೆಯಿಂದ ಜಾರಿ ಕಳಚಿಬರುತ್ತದೆ. ಎದೆ ಬೆನ್ನು ಸುತ್ತಿ ಕಟ್ಟುವ, ಮೈಗೆ ಸರಿಹೊಂದುವ ಹಾರ್ನೆಸ್ ಮತ್ತು ಕೊರಳಪಟ್ಟಿ ಎರಡನ್ನೂ ಹಾಕಿ, ಎರಡಕ್ಕೂ ಲೀಶ್ ಸಿಕ್ಕಿಸಿ. ಕಾರಿನ ಬಾಗಿಲು ತೆರೆಯುವ ಮೊದಲು ಲೀಶ್ ಕೈಯಲ್ಲಿರಲಿ. ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ ಮೊದಲ ದಿನದಿಂದಲೇ ಇರಲಿ. ಮೈಕ್ರೋಚಿಪ್ ಹಾಕಿಸಿದ್ದರೆ ಇನ್ನೂ ಒಳ್ಳೆಯದು. ಅಕ್ಕಿಕಾಳಿನಷ್ಟಿರುವ ಈ ಚಿಪ್ಪನ್ನು ಚರ್ಮದಡಿ ಸೇರಿಸುತ್ತಾರೆ. ಅದರಿಂದ ಪ್ರಾಣಿ ಎಲ್ಲಿದೆ ಎಂದು ಪತ್ತೆ ಮಾಡಲಾಗದು. ಓದುವ ಯಂತ್ರ ಹಿಡಿದಾಗ ಒಂದು ಸಂಖ್ಯೆ ತೋರಿಸುತ್ತದೆ, ಅಷ್ಟೇ. ಆ ಸಂಖ್ಯೆಯ ಎದುರು ನಿಮ್ಮ ಹೆಸರು, ಈಗಿನ ಫೋನ್ ನಂಬರ್ ದಾಖಲಾಗಿರದಿದ್ದರೆ ಚಿಪ್ ಇದ್ದೂ ಉಪಯೋಗವಿಲ್ಲ.

ಬೆಕ್ಕಿನ ಕ್ರಮವೇ ಬೇರೆ. ಅದನ್ನು ಒಂದೇ ಕೋಣೆಯಲ್ಲಿ ಬಿಡಿ. ಒಂದು ಕಡೆ ಊಟ ನೀರು, ಅದರಿಂದ ದೂರ ಇನ್ನೊಂದು ಕಡೆ ಮಲಮೂತ್ರಕ್ಕೆ ಮರಳಿನ ತಟ್ಟೆ, ನುಸುಳಿ ಕೂರಲು ಒಂದು ರಟ್ಟಿನ ಪೆಟ್ಟಿಗೆ. ಅದು ಮಂಚದ ಕೆಳಗೆ ಸೇರಿಕೊಂಡರೆ ಎಳೆದು ತೆಗೆಯಬೇಡಿ. ಹತ್ತಿರ ಕೂತು ಮೆಲುದನಿಯಲ್ಲಿ ಏನಾದರೂ ಓದಿಕೊಳ್ಳಿ. ಅದು ನಿಮ್ಮನ್ನು ನೋಡಿದಾಗ ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆಯಿರಿ. ಬೆಕ್ಕು ಇದನ್ನು ಸ್ನೇಹದ ಸೂಚನೆಯಾಗಿ ತೆಗೆದುಕೊಳ್ಳುತ್ತದೆ. ಎಷ್ಟು ದಿನ ಅಡಗಿದ್ದರೂ ಪರವಾಗಿಲ್ಲ, ಆದರೆ ಊಟ ಮಾಡುತ್ತಿದೆಯಾ ಎಂದು ನೋಡಲೇಬೇಕು. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿಗೆ, ಅದರಲ್ಲೂ ದಪ್ಪಗಿರುವ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯವಾಗುತ್ತದೆ. ಒಂದು ದಿನ ಪೂರ್ತಿ ತಿನ್ನಲಿಲ್ಲ ಅಂದರೆ ಪಶುವೈದ್ಯರಿಗೆ ಫೋನ್ ಮಾಡಿ. ಮೊಲಕ್ಕೆ ಅಷ್ಟೂ ಸಮಯವಿಲ್ಲ, ಅರ್ಧ ದಿನ ಹುಲ್ಲು ಮುಟ್ಟದಿದ್ದರೆ ಅದೇ ತುರ್ತು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಪ್ರಾಣಿ ಮತ್ತು ಮಗು ಎರಡನ್ನೇ ಬಿಟ್ಟು ಪಕ್ಕದ ಕೋಣೆಗೂ ಹೋಗಬೇಡಿ, ನಾಯಿ ಎಷ್ಟೇ ಸಾಧುವಾಗಿರಲಿ. ನಾಯಿ ತಿನ್ನುವಾಗ, ಮಲಗಿರುವಾಗ ಮುಟ್ಟಬಾರದು, ಕೊರಳು ತಬ್ಬಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿಕೊಡಿ. ನಾಯಿ ಗುರ್ ಎಂದರೆ ಅದನ್ನು ಗದರಿಸಬೇಡಿ. ಗುರುಗುಟ್ಟುವುದು ಕಚ್ಚುವ ಮೊದಲಿನ ಎಚ್ಚರಿಕೆ. ಅದನ್ನು ಹೊಡೆದು ನಿಲ್ಲಿಸಿದರೆ, ಮುಂದೆ ಎಚ್ಚರಿಕೆ ಕೊಡದೆಯೇ ಕಚ್ಚುವ ನಾಯಿ ಸಿದ್ಧವಾಗುತ್ತದೆ. ಮನೆಯೊಳಗೆ ಉಚ್ಚೆ ಮಾಡಿದಾಗ ಅದರಲ್ಲಿ ಮೂತಿ ತಿಕ್ಕುವುದೂ ಹೀಗೇ ಕೆಲಸಕ್ಕೆ ಬಾರದ್ದು. ಹೊರಗೆ ಮಾಡಿದ ಆ ಕ್ಷಣಕ್ಕೇ ಹೊಗಳಿ ಒಂದು ತುಣುಕು ತಿನಿಸು ಕೊಟ್ಟರೆ ಬೇಗ ಕಲಿಯುತ್ತದೆ.

ವೈದ್ಯರ ಹತ್ತಿರ ಏನೇನು ಕೆಲಸ

ಮೊದಲ ವಾರದಲ್ಲೇ ಪಶುವೈದ್ಯರಿಗೆ ತೋರಿಸಿ. ಆಶ್ರಯತಾಣ ಕೊಟ್ಟ ದಾಖಲೆಗಳನ್ನು ತೆಗೆದುಕೊಂಡು ಹೋಗಿ. ಮನೆಯಲ್ಲಿ ಬೇರೆ ಪ್ರಾಣಿಗಳಿದ್ದರೆ ಹೊಸದನ್ನು ಹತ್ತು ಹದಿನಾಲ್ಕು ದಿನ ಬೇರೆ ಕೋಣೆಯಲ್ಲಿಡಿ. ಸೋಂಕು ತಗುಲಿದ್ದರೂ ಲಕ್ಷಣ ಕಾಣಿಸಲು ಅಷ್ಟು ದಿನ ಹಿಡಿಯಬಹುದು.

ಮರಿಗೆ ಒಂದೇ ಲಸಿಕೆಯನ್ನು ಮತ್ತೆ ಮತ್ತೆ ಯಾಕೆ ಹಾಕುತ್ತಾರೆ ಎಂದು ತುಂಬ ಜನ ಕೇಳುತ್ತಾರೆ. ತಾಯಿಯ ಮೊದಲ ಹಾಲಿನಿಂದ ಮರಿಗೆ ಒಂದಷ್ಟು ರೋಗನಿರೋಧಕ ಅಂಶ ಸಿಗುತ್ತದೆ. ಅದು ಮರಿಯನ್ನು ಕಾಪಾಡುತ್ತದೆ, ಜೊತೆಗೆ ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ವಾರ ಕಳೆದಂತೆ ಅದು ಕರಗುತ್ತದೆ, ಆದರೆ ಯಾವ ಮರಿಯಲ್ಲಿ ಯಾವಾಗ ಪೂರ್ತಿ ಕರಗುತ್ತದೆ ಎಂದು ಹೊರಗಿನಿಂದ ಹೇಳಲಾಗದು. ಅದಕ್ಕೇ 6-8 ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರದವರೆಗೆ ಲಸಿಕೆ ಹಾಕುತ್ತಾರೆ. ಯಾವುದೋ ಒಂದು ಸಲದ್ದು ಸರಿಯಾದ ಸಮಯಕ್ಕೆ ಬಿದ್ದಿರುತ್ತದೆ. ಕೊನೆಯದನ್ನು ಬಿಟ್ಟುಬಿಟ್ಟರೆ ಅದುವರೆಗಿನ ಓಡಾಟವೆಲ್ಲ ವ್ಯರ್ಥವಾಗಬಹುದು. ಪಾರ್ವೊ ವೈರಸ್ ಮಣ್ಣಿನಲ್ಲಿ, ನೆಲದ ಸಂದಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಮುಗಿಯದ ಮರಿ ರಕ್ತಭೇದಿಯಾಗಿ ಕೆಲವೇ ದಿನಗಳಲ್ಲಿ ಸಾಯಬಹುದು.

ರೇಬೀಸ್ ಲಸಿಕೆಯಲ್ಲಿ ರಾಜಿಯೇ ಇಲ್ಲ. ಲಕ್ಷಣ ಶುರುವಾದ ಮೇಲೆ ಈ ರೋಗದಿಂದ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಮನುಷ್ಯರಿಗೆ ತಗುಲುವ ರೇಬೀಸ್‌ನಲ್ಲಿ ಸುಮಾರು 99% ಬರುವುದು ನಾಯಿಗಳಿಂದ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಪ್ರದೇಶದ ನಾಯಿಗಳಲ್ಲಿ 70% ನಾಯಿಗಳಿಗೆ ಲಸಿಕೆಯಾದರೆ ಅಲ್ಲಿ ರೋಗದ ಸರಪಳಿ ಮುರಿಯುತ್ತದೆ. ನಿಮ್ಮ ನಾಯಿಯ ಲಸಿಕೆ ಬೀದಿಯಲ್ಲಿ ಆಡುವ ಮಕ್ಕಳಿಗೂ ರಕ್ಷಣೆ. ಯಾವ ಪ್ರಾಣಿ ಕಚ್ಚಿದರೂ, ಪರಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ಹಿಂಜರಿಯುವವರು ತುಂಬ. 'ಒಂದು ಸಲ ಮರಿ ಹಾಕಲಿ, ಆಮೇಲೆ ಮಾಡಿಸೋಣ' ಎನ್ನುತ್ತಾರೆ. ಒಂದು ಸಲ ಮರಿ ಹಾಕುವುದರಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು. ಎರಡು ತಿಂಗಳಿಗೆ ಮರಿ ಹಾಕುತ್ತದೆ, ಹಾಲೂಡುತ್ತಿರುವಾಗಲೇ ಮತ್ತೆ ಗಬ್ಬವಾಗುತ್ತದೆ. ಆಶ್ರಯತಾಣಗಳು ತುಂಬಿ ತುಳುಕಲು ದೊಡ್ಡ ಕಾರಣ ಇದೇ. ಶಸ್ತ್ರಚಿಕಿತ್ಸೆಯಾದ ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಇರುವುದಿಲ್ಲ, ಬೇಗ ಮಾಡಿಸಿದರೆ ಸ್ತನದ ಗಡ್ಡೆಯ ಸಾಧ್ಯತೆಯೂ ಇಳಿಯುತ್ತದೆ. ದೊಡ್ಡ ತಳಿಯ ನಾಯಿಗಳಲ್ಲಿ ಕೀಲು ಮೂಳೆ ಬಲಿಯುವವರೆಗೆ ಕಾಯಿರಿ ಎಂದು ವೈದ್ಯರು ಹೇಳಬಹುದು. ವಯಸ್ಸನ್ನು ಅವರೇ ನಿರ್ಧರಿಸಲಿ. ಆಪರೇಷನ್ ಆದ ಮೇಲೆ ದಪ್ಪಗಾಗುವುದು ನಿಜ, ಊಟದ ಅಳತೆ ಸ್ವಲ್ಪ ಕಡಿಮೆ ಮಾಡಬೇಕು.

ಊಟದ ವಿಷಯದಲ್ಲಿ ಬೆಕ್ಕಿನ ಬಗ್ಗೆ ಒಂದು ಮಾತು. ಬೆಕ್ಕು ಮಾಂಸವಿಲ್ಲದೆ ಬಾಳುವ ದೇಹರಚನೆಯದ್ದಲ್ಲ. ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಊಟದಿಂದಲೇ ಸಿಗಬೇಕು, ಅದು ಇರುವುದು ಮಾಂಸ ಮೀನುಗಳಲ್ಲಿ. ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಬರೀ ಹಾಲನ್ನದಲ್ಲಿ ಬೆಕ್ಕು ಸಾಕಬೇಕೆಂದಿದ್ದರೆ ಬೇರೆ ಪ್ರಾಣಿಯ ಬಗ್ಗೆ ಯೋಚಿಸುವುದು ಎಲ್ಲರಿಗೂ ಒಳ್ಳೆಯದು.

ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆ ಬದಲಿಗೆ ಬಳಸುವ ಕ್ಸೈಲಿಟಾಲ್, ಇವೆಲ್ಲ ನಾಯಿಗೆ ವಿಷ. ನಮ್ಮ ಜ್ವರದ ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಯ ಉಣ್ಣಿಗೆ ಹಚ್ಚುವ ಪರ್ಮೆಥ್ರಿನ್ ಇರುವ ಔಷಧಿಯನ್ನು ಬೆಕ್ಕಿಗೆ ಯಾವತ್ತೂ ಹಚ್ಚಬೇಡಿ. ಲಿಲ್ಲಿ ಹೂವಿನ ಗಿಡವನ್ನು ಬೆಕ್ಕಿರುವ ಮನೆಯಲ್ಲಿ ಇಡಲೇಬೇಡಿ. ಅದರ ಪರಾಗ ಮೈಮೇಲೆ ಬಿದ್ದು ಬೆಕ್ಕು ನೆಕ್ಕಿಕೊಂಡರೂ ಮೂತ್ರಪಿಂಡ ಕೆಡುತ್ತದೆ.

ಅವರು ಅಷ್ಟೊಂದು ಪ್ರಶ್ನೆ ಯಾಕೆ ಕೇಳುತ್ತಾರೆ

ಉದ್ದನೆಯ ಅರ್ಜಿ, ಮನೆ ನೋಡಲು ಬರುವುದು, ಬಾಡಿಗೆ ಕರಾರು ತೋರಿಸಿ ಅನ್ನುವುದು, ಇವೆಲ್ಲ ಕೆಲವರಿಗೆ ಅವಮಾನದಂತೆ ಕಾಣುತ್ತದೆ. ಅವರ ಜಾಗದಿಂದ ನೋಡಿ. ಒಮ್ಮೆ ಕೈಬಿಟ್ಟ ಪ್ರಾಣಿಯನ್ನು ಮತ್ತೊಮ್ಮೆ ಕೈಬಿಡುವವರ ಹತ್ತಿರ ಕೊಡಬಾರದು ಎಂಬ ಕಾಳಜಿ ಅದು. ಪ್ರಶ್ನೆ ಕೇಳುವ ಆಶ್ರಯತಾಣವೇ ಒಳ್ಳೆಯ ಆಶ್ರಯತಾಣ. ಅಂಥ ಕಡೆ ಪ್ರಾಣಿಯ ತೊಂದರೆಗಳನ್ನು ಮುಚ್ಚಿಡದೆ ಹೇಳುತ್ತಾರೆ, ಚಿಕಿತ್ಸೆಯ ದಾಖಲೆ ಕೊಡುತ್ತಾರೆ, ಹೊಸದಾಗಿ ಬಂದವನ್ನು ಬೇರೆಯಾಗಿ ಇಡುತ್ತಾರೆ, ಹೊಂದಿಕೆಯಾಗದಿದ್ದರೆ ವಾಪಸ್ ತನ್ನಿ ಎಂದು ಬರೆದು ಕೊಡುತ್ತಾರೆ. ಒಳಗೆ ಬಿಡದೆ ಬಾಗಿಲಲ್ಲೇ ಮರಿ ಕೊಟ್ಟು ಕಳಿಸುವ ಕಡೆ ಎಚ್ಚರವಾಗಿರಿ.

ಇನ್ನೂ ಮನಸ್ಸು ಗಟ್ಟಿಯಾಗಿಲ್ಲ ಅಂದರೆ ತಾತ್ಕಾಲಿಕವಾಗಿ ಸಾಕಲು ಕೇಳಿ. ಕೆಲವು ವಾರ ಒಂದು ಪ್ರಾಣಿಯನ್ನು ಮನೆಯಲ್ಲಿಟ್ಟುಕೊಳ್ಳುವ ಈ ವ್ಯವಸ್ಥೆ ಎಷ್ಟೋ ಕಡೆ ಇದೆ. ನಿಮಗೂ ಅಂದಾಜು ಸಿಗುತ್ತದೆ, ಅದಕ್ಕೂ ಗದ್ದಲದಿಂದ ಬಿಡುವು ಸಿಗುತ್ತದೆ.

ಎಲ್ಲ ಮಾಡಿಯೂ ಹೊಂದಿಕೆಯಾಗದೆ ಇರಬಹುದು. ಮನೆಯ ಹಳೆಯ ಬೆಕ್ಕಿನ ಮೇಲೆ ಹೊಸ ನಾಯಿ ಪ್ರತಿ ದಿನ ಎರಗಬಹುದು, ಮಗುವಿನ ಅಲರ್ಜಿ ಏರಬಹುದು. ಮೊದಲು ಪಶುವೈದ್ಯರಿಗೆ ತೋರಿಸಿ. ದಿಢೀರನೆ ಬದಲಾದ ನಡವಳಿಕೆಯ ಹಿಂದೆ ಹಲ್ಲುನೋವು, ಕೀಲುನೋವು ಇರುವುದುಂಟು. ನಡವಳಿಕೆ ತಿದ್ದುವ ತರಬೇತುದಾರರನ್ನೂ ಕೇಳಿ. ಆಮೇಲೂ ಆಗದಿದ್ದರೆ ಬೀದಿಗೆ ಬಿಡಬೇಡಿ, ಗೊತ್ತಿಲ್ಲದವರಿಗೆ ದಾಟಿಸಬೇಡಿ. ತಂದ ಆಶ್ರಯತಾಣಕ್ಕೇ ಕರೆದುಕೊಂಡು ಹೋಗಿ. ಹೋಗುವಾಗ ಒಂದು ಹಾಳೆಯಲ್ಲಿ ಅದರ ಬಗ್ಗೆ ನಿಮಗೆ ತಿಳಿದದ್ದನ್ನೆಲ್ಲ ಬರೆದು ಕೊಡಿ. ಎಷ್ಟು ಹೊತ್ತಿಗೆ ಏಳುತ್ತದೆ, ಮನೆಯಲ್ಲಿ ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ, ಯಾವುದಕ್ಕೆ ಹೆದರುತ್ತದೆ, ಕಾರಿನಲ್ಲಿ ಹೇಗಿರುತ್ತದೆ, ಯಾವ ತಿನಿಸಿಗೆ ಮಾತು ಕೇಳುತ್ತದೆ, ಬೆಕ್ಕನ್ನು ಕಂಡರೆ ಏನು ಮಾಡುತ್ತದೆ. ಗೂಡಿನಲ್ಲಿಟ್ಟು ನೋಡಿದವರಿಗೆ ಇದ್ಯಾವುದೂ ಗೊತ್ತಿರಲು ಸಾಧ್ಯವಿಲ್ಲ. ಬೆಕ್ಕಿಲ್ಲದ, ಅದಕ್ಕೆ ಒಪ್ಪುವ ಮನೆಯನ್ನು ಹುಡುಕಲು ಅವರು ಶುರು ಮಾಡುವುದು ಆ ಹಾಳೆಯಿಂದಲೇ.